ಮರವೂ ಅಲ್ಲ, ಅರಿಸಿನವೂ ಅಲ್ಲ

(ಬಾನುಲಿ ಭಾಷಣ)

ಪಶ್ಚಿಮಘಟ್ಟದ ಕಾಡಿನಲ್ಲಿ ಬೆಳೆಯುವ ಒಂದು ಬಳ್ಳಿಯನ್ನು ನಮ್ಮ ಮಲೆನಾಡಿನ ಜನ ‘ಮರದರಿಸಿನ’ ಎಂದು ಕರೆಯುತ್ತಾರೆ. ಅದು ಮರವಲ್ಲ; ಅರಿಸಿನವೂ ಅಲ್ಲ. ಅರಿಸಿನದ ಕುಲಕ್ಕೂ ಅದಕ್ಕೂ ಯಾವ ರಕ್ತಸಂಬಂಧವೂ ಇಲ್ಲ. ಆದರೂ ಆ ಬಳ್ಳಿಯ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ ನೋಡಿದವರು ಈ ಹೆಸರನ್ನು ಒಪ್ಪಿಕೊಳ್ಳದೆ ಇರಲಾರರು. ಒರಟಾದ ತೊಗಟೆಯ ಒಳಗೆ, ಮದುವೆಮನೆಯ ಅರಿಸಿನದ ಬಟ್ಟಲನ್ನು ನೆನಪಿಗೆ ತರುವಂಥ ಹಳದಿ. ಆ ಹಳದಿಯ ನಡುವಿನಿಂದ ಅಂಚಿನವರೆಗೆ ಗಾಡಿಯ ಚಕ್ರದ ಅರಗಳಂತೆ ಹರಡಿಕೊಂಡ ಗೆರೆಗಳು. ಒಂದು ಚೂರನ್ನು ನಾಲಿಗೆಗೆ ತಾಗಿಸಿದರೆ ಬಹಳ ಹೊತ್ತು ಬಿಡದ ಕಹಿ. ಬಣ್ಣವನ್ನು ಕಂಡು ಅರಿಸಿನ ಎಂದರು. ಕಟ್ಟಿಗೆಯ ಗಟ್ಟಿತನವನ್ನು ಕಂಡು ಮರ ಎಂದರು. ಹೆಸರಿಟ್ಟವರು ಸಸ್ಯಶಾಸ್ತ್ರ ಓದಿದವರಲ್ಲದಿರಬಹುದು. ಕಣ್ಣು ಬಿಟ್ಟು ನೋಡಿದವರು.

ಈ ಬಳ್ಳಿಯ ಬಗ್ಗೆ ಮಾತನಾಡಲು ನನಗೊಂದು ಕಾರಣವಿದೆ. ನಮ್ಮ ನಿಘಂಟುಗಳಲ್ಲಿ, ವೈದ್ಯಗ್ರಂಥಗಳಲ್ಲಿ, ಗ್ರಂಧಿಗೆ ಅಂಗಡಿಯ ಡಬ್ಬಿಗಳ ಮೇಲೆ ಇದರ ಹೆಸರು ಸುಖವಾಗಿದೆ. ಕಾಡಿನಲ್ಲಿ ಮಾತ್ರ ಬಳ್ಳಿ ಇಲ್ಲವಾಗುತ್ತಿದೆ. ಒಂದು ಹೆಸರು ಬಳಕೆ ತಪ್ಪಿ ಮರೆಯಾದರೆ ನಾವು ಕೊರಗುತ್ತೇವೆ, ಹಳೆಯ ಪದಗಳನ್ನು ಹುಡುಕಿ ಕೋಶಕ್ಕೆ ಸೇರಿಸುತ್ತೇವೆ. ಆದರೆ ಹೆಸರು ಹಾಗೇ ಉಳಿದು ಅದರ ಹಿಂದಿನ ವಸ್ತುವೇ ಸದ್ದಿಲ್ಲದೆ ಜಾರಿಹೋದರೆ? ಅದು ನಮ್ಮ ಗಮನಕ್ಕೂ ಬರುವುದಿಲ್ಲ. ಮರದರಿಸಿನದ ಕಥೆ ಇಂಥ ಕಥೆ.

ಮೊದಲು ಅದರ ಮನೆಯನ್ನು ನೋಡೋಣ. ಮಳೆ ಧಾರಾಳವಾಗಿ ಬೀಳುವ, ಬೇಸಗೆಯಲ್ಲೂ ನೆಲದ ತೇವ ಪೂರ್ತಿ ಆರದ ನಿತ್ಯಹರಿದ್ವರ್ಣದ ಮತ್ತು ಅರೆ ನಿತ್ಯಹರಿದ್ವರ್ಣದ ಕಾಡುಗಳು ಇದರ ನೆಲೆ. ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟಪ್ರದೇಶ, ಅಲ್ಲಿಂದ ಕಡಲು ದಾಟಿ ಶ್ರೀಲಂಕಾ, ಇನ್ನೂ ಮುಂದೆ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ವಿಯಟ್ನಾಮ್, ಮಲೇಷ್ಯ, ಇಂಡೋನೇಷ್ಯಗಳವರೆಗೆ ಇದರ ಬಳಗ ಚದುರಿದೆ. ಭಾರತದಲ್ಲಿ ಇದು ದಕ್ಷಿಣದ ಘಟ್ಟಗಳ ಸೊತ್ತು. ಎಲೆಗಳು ದೊಡ್ಡವು, ಹೆಚ್ಚುಕಡಮೆ ಹೃದಯದ ಆಕಾರ. ಮೇಲುಮೈ ಹೊಳೆಯುವ ಹಸಿರು, ಕೆಳಮೈಯಲ್ಲಿ ಬಿಳಿಯ ನವುರು ರೋಮ. ಗಾಳಿ ಬೀಸಿದಾಗ ಮರದ ನೆತ್ತಿಯಲ್ಲಿ ಎಲೆಗಳು ಮಗುಚಿ ಬೆಳ್ಳಗೆ ಕಾಣುತ್ತವೆ. ಬಲ್ಲವರಿಗೆ ಅದೇ ಗುರುತು. ಹೂವು ಬಹಳ ಸಣ್ಣದು, ಗುಂಡಗಿನ ಗೊಂಚಲುಗಳಲ್ಲಿ ಬರುತ್ತದೆ. ಹಣ್ಣು ಮಕ್ಕಳಾಡುವ ದೊಡ್ಡ ಗೋಲಿಯಂತೆ ದುಂಡಗೆ, ಮಖಮಲ್ಲಿನಂತೆ ಕಂದು ರೋಮ ಹೊದ್ದಿರುತ್ತದೆ.

ನಮ್ಮ ಕಾವ್ಯಗಳು ಬಳ್ಳಿಯನ್ನು ಬಹಳ ಕೋಮಲವಾಗಿ ಕಂಡಿವೆ. ಮಾಮರವನ್ನು ತಬ್ಬಿದ ಮಾಧವಿ, ಆಸರೆಯಿಲ್ಲದೆ ಬಾಡುವ ಲತೆ, ಲತಾಂಗಿ, ಲತಾಗೃಹ — ಬಳ್ಳಿಯೆಂದರೆ ಉದ್ಯಾನದ ವಸ್ತು, ಬಳುಕುವ ವಸ್ತು. ಘಟ್ಟದ ಕಾಡನ್ನು ಹೊಕ್ಕವರಿಗೆ ಈ ಕವಿಸಮಯ ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿನ ಬಲಿತ ಮಹಾಬಳ್ಳಿಗಳು ಮನುಷ್ಯನ ತೋಳಿನಷ್ಟು, ಕೆಲವು ತೊಡೆಯಷ್ಟು ದಪ್ಪ. ನೆಲದಿಂದ ಎದ್ದು, ಒಂದು ಮರ ಹತ್ತಿ, ಅದರ ನೆತ್ತಿಯಿಂದ ಇನ್ನೊಂದಕ್ಕೆ ದಾಟಿ, ಎಲ್ಲಿ ಹುಟ್ಟಿತೋ ಎಲ್ಲಿ ಎಲೆ ಬಿಟ್ಟಿತೋ ತಿಳಿಯದಂತೆ ಕಾಡನ್ನು ಹೆಣೆದಿರುತ್ತವೆ. ಸ್ವಂತ ಬಲದ ಮೇಲೆ ನಿಲ್ಲುವ ಕಾಂಡವನ್ನು ಕಟ್ಟಿಕೊಳ್ಳುವ ಖರ್ಚು ಅವಕ್ಕಿಲ್ಲ. ಆ ಶಕ್ತಿಯನ್ನೆಲ್ಲ ಉದ್ದಕ್ಕೆ ಬೆಳೆಯುವುದರಲ್ಲಿ, ಬೆಳಕನ್ನು ಹಿಡಿಯುವುದರಲ್ಲಿ ತೊಡಗಿಸುತ್ತವೆ. ಆದರೆ ಈ ಜಾಣತನಕ್ಕೂ ಒಂದು ಬೆಲೆಯುಂಟು. ಮರ ಒಂಟಿಯಾಗಿ ಬಯಲಿನಲ್ಲಿ ಬದುಕಬಲ್ಲದು. ಕಾಡುಬಳ್ಳಿಗೆ ಕಾಡೇ ಬೇಕು. ಎಳೆಯದರಲ್ಲಿ ನೆರಳು, ತೇವ, ಹಿಡಿದುಕೊಳ್ಳಲು ಸಣ್ಣ ಗಿಡ; ಬೆಳೆದ ಮೇಲೆ ಭಾರ ಹೊರಲು ಹೆಮ್ಮರ; ನೆತ್ತಿ ತಲುಪಿದ ಮೇಲೆ ಬಿಸಿಲು. ಈ ಮೂರೂ ಒಂದೇ ಜಾಗದಲ್ಲಿ ಸಿಗುವುದು ಹಳೆಯ, ಕೈ ತಾಗದ ಕಾಡಿನಲ್ಲಿ. ಆದ್ದರಿಂದ ಮರದರಿಸಿನ ಇರುವ ಕಾಡು ಎಂದರೆ ಎಲ್ಲ ವಯಸ್ಸಿನ ಮರಗಳಿರುವ ಕಾಡು ಎಂದು ನಂಬಬಹುದು.

ಇನ್ನು ಇದರ ಹೆಸರುಗಳ ಮಾತು. ಸಾಹಿತ್ಯಾಸಕ್ತರಾದ ತಮಗೆ ಇದು ರುಚಿಸಬಹುದು. ‘ಮರದರಿಸಿನ’ವನ್ನು ಸಂಸ್ಕೃತಕ್ಕೆ ತಿರುಗಿಸಿದರೆ ‘ದಾರುಹರಿದ್ರಾ’ ಆಗುತ್ತದೆ: ದಾರು ಎಂದರೆ ಕಟ್ಟಿಗೆ, ಹರಿದ್ರಾ ಎಂದರೆ ಅರಿಸಿನ. ಅಮರಕೋಶದ ವನೌಷಧಿವರ್ಗದಲ್ಲಿ ದಾರ್ವೀ, ಪಚಂಪಚಾ ಮೊದಲಾದ ಹೆಸರುಗಳೊಡನೆ ದಾರುಹರಿದ್ರೆಯೂ ಬರುತ್ತದೆ. ಆದರೆ ಉತ್ತರ ಭಾರತದ ವೈದ್ಯರ ದಾರುಹರಿದ್ರೆ ಬೇರೆ. ಅದು ಹಿಮಾಲಯದ ಇಳಿಜಾರುಗಳಲ್ಲಿ ಬೆಳೆಯುವ ಮುಳ್ಳಿನ ಪೊದೆ. ಸಸ್ಯಶಾಸ್ತ್ರದಲ್ಲಿ ಬರ್ಬೆರಿಸ್ ಅರಿಸ್ಟಾಟ. ಭಾರತ ಸರ್ಕಾರದ ಆಯುರ್ವೇದ ಔಷಧಕೋಶವೂ ದಾರುಹರಿದ್ರಾ ಎಂಬ ಹೆಸರಿನ ಕೆಳಗೆ ಈ ಪೊದೆಯನ್ನೇ ಹೇಳುತ್ತದೆ. ಹಿಮಾಲಯ ದೂರ, ದಕ್ಷಿಣದ ವೈದ್ಯರು ತಮ್ಮ ಕಾಡಿನಲ್ಲೇ ಅದೇ ಹಳದಿ, ಅದೇ ಕಹಿ ಇರುವ ವಸ್ತುವನ್ನು ಹುಡುಕಿಕೊಂಡರು. ಅದು ಈ ಬಳ್ಳಿ. ಮಲೆಯಾಳದಲ್ಲಿ ಇದು ಮರಮಂಜಳ್. ಕುಲ ಬೇರೆಯಾದರೂ ಎರಡರಲ್ಲಿಯೂ ಬರ್ಬೆರಿನ್ ಎಂಬ ಒಂದೇ ಹಳದಿ ಕ್ಷಾರಸತ್ತ್ವವಿದೆ ಎಂದು ರಸಾಯನಶಾಸ್ತ್ರ ಆಮೇಲೆ ಕಂಡುಕೊಂಡಿತು. ನಮ್ಮ ಹಿರಿಯರು ನಾಲಿಗೆಯಿಂದ ಕಂಡುಕೊಂಡಿದ್ದನ್ನು ಪ್ರಯೋಗಶಾಲೆ ಅನುಮೋದಿಸಿತು ಎನ್ನಬಹುದು.

ಯೂರೋಪಿನವರ ಕೈಯಲ್ಲಿ ಇದಕ್ಕೆ ಇನ್ನೊಂದು ಹೆಸರು ಅಂಟಿತು. ಆಫ್ರಿಕಾದ ಪೂರ್ವತೀರದಲ್ಲಿ, ಮೊಜಾಂಬಿಕ್ ಕಡೆ, ಕಲಂಬಾ ಎಂಬ ಕಹಿಬೇರು ಸಿಗುತ್ತಿತ್ತು. ಹೊಟ್ಟೆಯ ಔಷಧವಾಗಿ ಯೂರೋಪಿನಲ್ಲಿ ಅದಕ್ಕೆ ಬೇಡಿಕೆ ಇತ್ತು. ಹೆಸರಿನ ದನಿ ಕೇಳಿ ಅದು ಕೊಲಂಬೊದಿಂದ ಬರುವ ಬೇರು ಎಂದು ಹಲವರು ತಿಳಿದರು. ಸಿಂಹಳದ್ವೀಪದಿಂದ ಹೋಗುತ್ತಿದ್ದ ನಮ್ಮ ಬಳ್ಳಿಯ ಕಟ್ಟಿಗೆ ‘ಕಲಂಬಾ ಕಟ್ಟಿಗೆ’ ಎಂಬ ಹೆಸರಿನಲ್ಲಿ ಆ ಬೇರಿಗೆ ಬದಲಿಯಾಗಿ ಮಾರಾಟವಾಯಿತು. ಹೀಗೆ ಉತ್ತರದವರಿಗೆ ಹಿಮಾಲಯದ ಪೊದೆಯ ಬದಲಿ, ಯೂರೋಪಿನವರಿಗೆ ಆಫ್ರಿಕಾದ ಬೇರಿನ ಬದಲಿ. ತನ್ನ ಗುಣದಿಂದಲೇ ಬೆಲೆ ಪಡೆದ ಈ ಬಳ್ಳಿ ಎಲ್ಲಿ ಹೋದರೂ ಇನ್ನೊಬ್ಬರ ಹೆಸರಿನಲ್ಲೇ ಬದುಕಬೇಕಾಯಿತು.

ಇದಕ್ಕೆ ಶಾಸ್ತ್ರೀಯವಾದ ಸ್ವಂತ ಹೆಸರು ದೊರೆತ ಬಗೆಯೂ ಸ್ವಾರಸ್ಯವಾದದ್ದು. 1788ರಲ್ಲಿ ಜರ್ಮನಿಯ ಗೇರ್ಟ್ನರ್ ಎಂಬ ಸಸ್ಯವಿಜ್ಞಾನಿ, ಹಣ್ಣು ಬೀಜಗಳನ್ನೇ ಕುರಿತ ತನ್ನ ಗ್ರಂಥದಲ್ಲಿ ಇದರ ಬೀಜವನ್ನು ವರ್ಣಿಸಿ ‘ಫೆನೆಸ್ಟ್ರೇಟಮ್’, ಅಂದರೆ ಕಿಟಕಿಗಳುಳ್ಳದ್ದು, ಎಂಬ ವಿಶೇಷಣ ಕೊಟ್ಟ. ಆಮೇಲೆ 1820ರ ಆಚೀಚೆ ಇದಕ್ಕೆ ಪ್ರತ್ಯೇಕ ಕುಲನಾಮವನ್ನಿತ್ತವನು ಹೆನ್ರಿ ಥಾಮಸ್ ಕೋಲ್‌ಬ್ರೂಕ್. ಸಂಸ್ಕೃತ ವಿದ್ವತ್ತಿನ ಚರಿತ್ರೆ ಬಲ್ಲವರಿಗೆ ಈ ಹೆಸರು ಪರಿಚಿತ. ವೇದಗಳನ್ನು ಕುರಿತು 1805ರಲ್ಲಿ ಪ್ರಬಂಧ ಬರೆದವನು, ಬ್ರಹ್ಮಗುಪ್ತ ಭಾಸ್ಕರರ ಗಣಿತವನ್ನು 1817ರಲ್ಲಿ ಇಂಗ್ಲಿಷಿಗೆ ತಂದವನು, ಇದೇ ಕೋಲ್‌ಬ್ರೂಕ್. ಅಮರಕೋಶವನ್ನು 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದವನೂ ಅವನೇ. ಜರಡಿ ಎಂಬ ಅರ್ಥದ ಗ್ರೀಕ್ ಶಬ್ದವನ್ನು ಹಿಡಿದು ‘ಕಾಸಿನಿಯಮ್’ ಎಂದು ಹೆಸರಿಸಿದ. ಬೀಜದ ಒಳಗಿರುವ ತೆಳುವಾದ ಬೀಜದಳಗಳಲ್ಲಿ ಜರಡಿಯಂತೆ ರಂಧ್ರಗಳಿರುವುದೇ ಈ ಎರಡು ಹೆಸರುಗಳ ಮೂಲ. ಕಾಸಿನಿಯಮ್ ಫೆನೆಸ್ಟ್ರೇಟಮ್ — ಕಿಟಕಿಗಳುಳ್ಳ ಪುಟ್ಟ ಜರಡಿ. ಮಲೆನಾಡಿಗರು ಕಾಂಡ ಕತ್ತರಿಸಿ ಹೆಸರಿಟ್ಟರು. ವಿದ್ವಾಂಸರು ಬೀಜ ಸೀಳಿ ಹೆಸರಿಟ್ಟರು. ಕಾಂಡದ ಹೆಸರು ಅಂಗಡಿಗೆ ಹೋಯಿತು. ಬೀಜದ ಹೆಸರು ಪುಸ್ತಕದಲ್ಲಿ ಉಳಿಯಿತು. ಆದರೆ ಬಳ್ಳಿಯ ಭವಿಷ್ಯವೆಲ್ಲ ಇರುವುದು ಆ ಬೀಜದಲ್ಲಿ.

ಏಕೆಂದರೆ ಮರದರಿಸಿನದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಅಮೃತಬಳ್ಳಿಯೂ ಸೇರಿದ ಇಡೀ ವಂಶದ ಲಕ್ಷಣ ಅದು. ಹೆಣ್ಣು ಬಳ್ಳಿಯಲ್ಲಿ ಕಾಯಿ ಕಟ್ಟಬೇಕಾದರೆ ಸುತ್ತಿನಲ್ಲಿ ಎಲ್ಲಾದರೂ ಗಂಡು ಬಳ್ಳಿ ಹೂ ಬಿಟ್ಟಿರಬೇಕು. ಸಸಿ ಹೂ ಬಿಡುವಷ್ಟು ಬಲಿಯುವುದಕ್ಕೆ ಹಲವಾರು ವರ್ಷ ಹಿಡಿಯುತ್ತದೆ. ಬಿದ್ದ ಬೀಜ ಮೊಳೆಯಲು ವಾರಗಳು ಸಾಲವು, ತಿಂಗಳುಗಳು ಬೇಕು. ಅಷ್ಟರಲ್ಲಿ ಕೊಳೆತು ಹೋಗುವುದೆಷ್ಟೋ, ಇಲಿ ಹೆಗ್ಗಣಗಳ ಪಾಲಾಗುವುದೆಷ್ಟೋ. ಇಂಥ ಸಾವಧಾನದ ಜೀವನಕ್ರಮ ಹಳೆಯ ಕಾಡಿನ ಲಯಕ್ಕೆ ಒಪ್ಪುವಂಥದು. ನೂರು ವರ್ಷ ಬಾಳುವ ಮರದ ಮೇಲೆ ಕುಳಿತ ಬಳ್ಳಿಗೆ ಆತುರವೇನು? ಆದರೆ ಒಂದು ಕಣಿವೆಯಲ್ಲಿರುವ ಹತ್ತು ಬಳ್ಳಿಗಳಲ್ಲಿ ಏಳನ್ನು ಕಡಿದರೆ, ಉಳಿದ ಮೂರೂ ಗಂಡಾಗಿದ್ದರೆ, ಅಥವಾ ಮೂರೂ ಹೆಣ್ಣಾಗಿದ್ದರೆ, ಲೆಕ್ಕದಲ್ಲಿ ಮೂರು ಬಳ್ಳಿ ಉಳಿದಿವೆ; ವಾಸ್ತವದಲ್ಲಿ ಆ ಕಣಿವೆಯ ಮಟ್ಟಿಗೆ ಸಂತತಿ ಮುಗಿದಿದೆ. ಹಸುರಾಗಿ ತೂಗುತ್ತಿರುವ ಬಳ್ಳಿಯನ್ನು ಕಂಡು ನಾವು ಸಮಾಧಾನ ಪಡುತ್ತೇವೆ. ಅದು ಮಕ್ಕಳಿಲ್ಲದ ಮನೆಯ ಕೊನೆಯ ಹಿರಿಯನಂತೆ ದಿನ ಎಣಿಸುತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ, ಬೇರುನಾರು ಸಂಗ್ರಹಿಸಿ ಬಾಳಿದ ಹಿರಿಯರೊಬ್ಬರೊಡನೆ ಘಟ್ಟದ ಒಂದು ಕಣಿವೆಯಲ್ಲಿ ಇಡೀ ದಿನ ತಿರುಗಿದ್ದೆ. ಕಣಿವೆಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಕತ್ತಿ ಹಿಡಿದವರಿಗೆ ದಾರಿ ತೋರಿದಂತಾದೀತು. ದಿನವಿಡೀ ನಡೆದರೂ ನಮಗೆ ಸಿಕ್ಕಿದ್ದು ಎರಡೇ ಬಲಿತ ಬಳ್ಳಿ. ಅವರು ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಎಳ್ಳಿನಷ್ಟು ಕೆರೆದು, ಹಳದಿ ಕಾಣಿಸಿದೊಡನೆ ಅದರ ಮೇಲೆ ಮಣ್ಣು ಮೆತ್ತಿದರು. ನಾನು ಕೇಳಿದೆ, ಇದು ಗಂಡೋ ಹೆಣ್ಣೋ ನಿಮಗೆ ತಿಳಿಯುತ್ತದೆಯೇ ಎಂದು. “ಕಾಯಿ ಬಿಡೋ ಬಳ್ಳಿ ಬೇರೆ, ಬಿಡದೆ ಇರೋದು ಬೇರೆ ಮೇಷ್ಟ್ರೇ, ಅದು ನಮ್ಮ ಅಪ್ಪನ ಕಾಲದಿಂದ ಗೊತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಸೇರಿಸಿದರು: “ತಕ್ಕಡಿಗೆ ಮಾತ್ರ ಗೊತ್ತಿಲ್ಲ. ಅದಕ್ಕೆ ಎರಡೂ ಒಂದೇ ತೂಕ.”

ಆ ಮಾತಿನ ಆಳ ನನಗೆ ಊರಿಗೆ ಮರಳಿದ ಮೇಲೆ ಇನ್ನಷ್ಟು ತಿಳಿಯಿತು. ಸಂಗ್ರಹಿಸುವವನಿಗೆ ಸಿಗುವುದು ಕಿಲೋಗೆ ಇಷ್ಟೆಂಬ ಕೂಲಿ. ಎಳೆಯ ಬಳ್ಳಿಯಲ್ಲಿ ತೂಕವಿಲ್ಲ. ಬಲಿತ ಬಳ್ಳಿಯ ಬುಡದಲ್ಲಿ, ಬೇರಿನಲ್ಲಿ ತೂಕವೂ ಹೆಚ್ಚು, ಹಳದಿಯೂ ಹೆಚ್ಚು. ಆದ್ದರಿಂದ ಕತ್ತಿ ಮೊದಲು ಬೀಳುವುದು ಬೀಜ ಕೊಡಬಲ್ಲ ವಯಸ್ಸಿನ ಬಳ್ಳಿಯ ಮೇಲೆ. ಮನೆಮದ್ದಿಗೆಂದು ಒಂದು ಗೇಣು ತುಂಡು ಕತ್ತರಿಸಿಕೊಳ್ಳುವ ಹಳ್ಳಿಯ ಪಂಡಿತ ಬಳ್ಳಿಯನ್ನು ಉಳಿಸಿ ಬರುತ್ತಾನೆ, ಏಕೆಂದರೆ ಮುಂದಿನ ವರ್ಷವೂ ಅವನಿಗೆ ಅದೇ ಬಳ್ಳಿ ಬೇಕು. ಲಾರಿ ತುಂಬಬೇಕಾದವನಿಗೆ ಮುಂದಿನ ವರ್ಷ ಬೇರೆ ಕಣಿವೆ ಇದೆ. ಕಣಿವೆಗಳಿಗೂ ಕೊನೆಯುಂಟು ಎಂಬುದನ್ನು ಆ ಲೆಕ್ಕ ಒಳಗೊಂಡಿರುವುದಿಲ್ಲ. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ವಿಯಟ್ನಾಮಿನಲ್ಲಿ ಇದೇ ಬಳ್ಳಿಗೆ ‘ಹಳದಿ ಕಹಿ’ ಎಂಬ ಅರ್ಥದ ಹೆಸರಿದೆ. ಅಲ್ಲಿ ಬರ್ಬೆರಿನ್ ತೆಗೆಯುವ ಕೈಗಾರಿಕೆಗಾಗಿ ಕಾಡಿನಿಂದ ಇದನ್ನು ಅಪಾರವಾಗಿ ಕಡಿದರು. ಅಲ್ಲಿಯೂ ಅದು ಅಪಾಯದ ಪಟ್ಟಿಗೆ ಸೇರಿತು. ಸಿಂಹಳೀಯರು ಇದನ್ನು ವೆನಿವೆಲ್ ಎನ್ನುತ್ತಾರೆ. ಕೊತ್ತಂಬರಿಯೊಡನೆ ಕುದಿಸಿ ಜ್ವರ ನೆಗಡಿಗಳಿಗೆ ಕುಡಿಯುವುದು ಅಲ್ಲಿ ಮನೆಮನೆಯ ರೂಢಿ.

ಕಡಿದವರು ವ್ಯಾಪಾರಿಗಳಷ್ಟೇ ಎಂದರೆ ಕಥೆ ಅಪೂರ್ಣ. ಮರದ ಉತ್ಪನ್ನವೇ ಕಾಡಿನ ಉದ್ದೇಶ ಎಂದು ಭಾವಿಸಿದ್ದ ದೀರ್ಘಕಾಲದಲ್ಲಿ ಅರಣ್ಯಶಾಸ್ತ್ರ ಬಳ್ಳಿಗಳನ್ನು ಶತ್ರುಗಳೆಂದು ಎಣಿಸಿತು. ಬಳ್ಳಿ ಮರವನ್ನು ಡೊಂಕು ಮಾಡುತ್ತದೆ. ಒಂದು ಮರ ಉರುಳಿಸಿದಾಗ ಬಳ್ಳಿ ಹೆಣೆದ ಪಕ್ಕದ ಮರಗಳನ್ನೂ ಎಳೆದು ಕೆಡವುತ್ತದೆ. ಆದ್ದರಿಂದ ಬಳ್ಳಿ ಕಡಿತ ಎನ್ನುವುದು ಅರಣ್ಯದ ಕಾರ್ಯಯೋಜನೆಗಳಲ್ಲಿ ಒಂದು ಕ್ರಮಬದ್ಧವಾದ ಕೆಲಸವಾಗಿತ್ತು. ಯಾವ ಬಳ್ಳಿ, ಅದಕ್ಕೆ ಏನು ಗುಣ ಎಂದು ಕೇಳುವ ಪದ್ಧತಿ ಇರಲಿಲ್ಲ. 1988ರ ರಾಷ್ಟ್ರೀಯ ಅರಣ್ಯನೀತಿ ಆದಾಯಕ್ಕಿಂತ ಪರಿಸರದ ಸಮತೋಲ ಮುಖ್ಯವೆಂದು ಸಾರಿತು. ಆದರೆ ಅಷ್ಟರಲ್ಲಿ ಹಳೆಯ ಕಾಡಿನ ಎಷ್ಟೋ ಭಾಗ ನೆಡುತೋಪಾಗಿ, ತೋಟವಾಗಿ, ಜಲಾಶಯದ ತಳವಾಗಿ, ರಸ್ತೆಯಾಗಿ ಮಾರ್ಪಟ್ಟಿತ್ತು. ಸಾಲಾಗಿ ನೆಟ್ಟ ಅಕೇಶಿಯಾ ತೋಪನ್ನು ದೂರದಿಂದ ನೋಡಿದವರು ಹಸುರೆನ್ನಬಹುದು. ಮರದರಿಸಿನದ ಬೀಜಕ್ಕೆ ಅಲ್ಲಿ ನೆರಳೂ ಇಲ್ಲ, ತೇವವೂ ಇಲ್ಲ, ಏರಲು ಏಣಿಯೂ ಇಲ್ಲ.

ಇಲ್ಲಿ ಇನ್ನೊಂದು ಬಳ್ಳಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ಕರಿಮೆಣಸು ಕೂಡ ಇದೇ ಘಟ್ಟದ, ಇದೇ ನಿತ್ಯಹಸುರಿನ ಕಾಡಿನ ಕೂಸು. ಕಾಡುಮೆಣಸಿನಲ್ಲಿಯೂ ಬಹುಮಟ್ಟಿಗೆ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಆದರೆ ತೋಟದ ಮೆಣಸಿನ ತಳಿಗಳಲ್ಲಿ ಒಂದೇ ಹೂತೆನೆಯಲ್ಲಿ ಗಂಡೂ ಹೆಣ್ಣೂ ಕೂಡಿ ಬರುತ್ತವೆ. ಚೆನ್ನಾಗಿ ಕಾಯಿ ಕಚ್ಚುವ ಬಳ್ಳಿಯನ್ನೇ ಆರಿಸಿ, ಅದರ ಹಂಬನ್ನೇ ಕತ್ತರಿಸಿ, ಅಡಿಕೆ ಮರಕ್ಕೂ ಹಲಸಿನ ಮರಕ್ಕೂ ಹಬ್ಬಿಸುತ್ತ ಹೋದ ಎಷ್ಟೋ ತಲೆಮಾರಿನ ರೈತರ ಆಯ್ಕೆಯ ಫಲ ಅದು. ಅಮೃತಬಳ್ಳಿಯಂತೂ ನಮ್ಮ ಬಳ್ಳಿಯ ಹತ್ತಿರದ ದಾಯಾದಿ. ತುಂಡು ಮಾಡಿ ಬೇಲಿಗೆ ಎಸೆದರೂ ಚಿಗುರುತ್ತದೆ. ಬುಡ ಕತ್ತರಿಸಿದರೆ ಮೇಲಿನಿಂದ ನೂಲಿನಂಥ ಬೇರಿಳಿಸಿ ಮತ್ತೆ ನೆಲ ಮುಟ್ಟುತ್ತದೆ. 2020ರ ಮಹಾಮಾರಿಯ ದಿನಗಳಲ್ಲಿ ಎಲ್ಲರೂ ಅಮೃತಬಳ್ಳಿಯ ಕಷಾಯಕ್ಕೆ ಕೈಹಾಕಿದಾಗಲೂ ಅದು ತಾಳಿಕೊಂಡಿತು. ಮರದರಿಸಿನಕ್ಕೆ ಮೆಣಸಿಗೆ ಸಿಕ್ಕ ಆರೈಕೆಯೂ ಸಿಗಲಿಲ್ಲ, ಅಮೃತಬಳ್ಳಿಗೆ ಇರುವ ಹಟವೂ ಇರಲಿಲ್ಲ. ಅದನ್ನು ಬಳಸಿದವರು ಸಾವಿರಾರು ಮಂದಿ, ಬೆಳೆಸಿದವರು ಬೆರಳೆಣಿಕೆ. ನೆಟ್ಟವನ ಕಾಲದಲ್ಲಿ ಫಲ ಕೈಗೆ ಬರುವುದೋ ಇಲ್ಲವೋ ಎಂಬಂಥ ಬಳ್ಳಿಯನ್ನು ಯಾರು ನೆಡುತ್ತಾರೆ?

ಈಗ ಇದರ ಸ್ಥಿತಿ ಏನು? 1990ರ ದಶಕದಲ್ಲಿ ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನ, ಸಸ್ಯವಿಜ್ಞಾನಿಗಳನ್ನೂ ಅರಣ್ಯಾಧಿಕಾರಿಗಳನ್ನೂ ವೈದ್ಯರನ್ನೂ ಒಟ್ಟು ಕೂಡಿಸಿ ದಕ್ಷಿಣ ಭಾರತದ ಔಷಧ ಸಸ್ಯಗಳ ಸ್ಥಿತಿಗತಿಯನ್ನು ಅಳೆಯಿತು. 2000ದಲ್ಲಿ ಬೆಳಕು ಕಂಡ, ದಕ್ಷಿಣ ಭಾರತದ ನೂರು ಔಷಧ ಸಸ್ಯಗಳ ಕೆಂಪುಪಟ್ಟಿಯ ಗ್ರಂಥದಲ್ಲಿ ಮರದರಿಸಿನ ‘ತೀವ್ರ ಅಪಾಯಕ್ಕೆ ಸಿಲುಕಿದ’ ವರ್ಗದಲ್ಲಿದೆ. ಜಾಗತಿಕವಾಗಿ ಒಪ್ಪಿದ ಮಾನದಂಡದಲ್ಲಿ ಕಾಡಿನಲ್ಲಿ ಪೂರ್ತಿ ಅಳಿಯುವುದಕ್ಕೆ ಹಿಂದಿನ ಮೆಟ್ಟಿಲು ಅದು. ಮೂರು ತಲೆಮಾರಿನ ಅವಧಿಯಲ್ಲಿ ನೂರರಲ್ಲಿ ಎಂಬತ್ತರಷ್ಟು ಕುಸಿತ ಕಂಡ ಜೀವಿಯನ್ನು ಈ ವರ್ಗಕ್ಕೆ ಸೇರಿಸಬಹುದೆಂಬುದು ಅಲ್ಲಿನ ಸೂತ್ರಗಳಲ್ಲಿ ಒಂದು. ತಲೆಮಾರು ಎಂದರೆ ಇಲ್ಲಿ ಬಳ್ಳಿಯ ತಲೆಮಾರು.

ಕೈಕಟ್ಟಿ ಕುಳಿತರೆಂದು ಹೇಳಿದರೆ ತಪ್ಪಾದೀತು. 1993ರಿಂದ ಮುಂದೆ ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳು ಡೆನ್ಮಾರ್ಕಿನ ನೆರವಿನಿಂದ, ಆ ಪ್ರತಿಷ್ಠಾನದೊಡನೆ ಸೇರಿ ಔಷಧ ಸಸ್ಯ ಸಂರಕ್ಷಣಾ ಕ್ಷೇತ್ರಗಳನ್ನು ಗುರುತಿಸಿದವು. ಮೊದಲ ಹಂತದಲ್ಲಿ ಅವು 30. ಸಸ್ಯವನ್ನು ಕಿತ್ತು ತೋಟಕ್ಕೆ ಒಯ್ಯದೆ, ಅದು ಇದ್ದ ಕಾಡಿನಲ್ಲೇ ಅದನ್ನು ಕಾಯುವುದು ಅವುಗಳ ತತ್ತ್ವ. ಕಾಡುಬಳ್ಳಿಗೆ ಕಾಡೇ ಬೇಕು ಎಂದು ಆಗಲೇ ಹೇಳಿದೆನಲ್ಲ, ಅದಕ್ಕೆ ಒಪ್ಪುವ ತತ್ತ್ವ. 1998ರಲ್ಲಿ ಕೇಂದ್ರ ಸರ್ಕಾರ ಕಾಡಿನಿಂದ ತಂದ 29 ಬಗೆಯ ಸಸ್ಯಗಳ ರಫ್ತನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಈ ಬಳ್ಳಿಯ ಹೆಸರಿದೆ. ಅಲ್ಲಿಯೂ ಕಂಸದಲ್ಲಿ ‘ಕಲಂಬಾ ಕಟ್ಟಿಗೆ’ ಎಂದೇ ಬರೆದಿದ್ದಾರೆ! ಎರವಲು ಹೆಸರು ರಾಜಪತ್ರದವರೆಗೂ ಬೆನ್ನು ಬಿಡಲಿಲ್ಲ. 2000ದಲ್ಲಿ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿ ಬಂತು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮಮಟ್ಟದಲ್ಲಿ ಸಮಿತಿಗಳಾಗಬೇಕು, ಊರಿನ ಸುತ್ತಲ ಜೀವರಾಶಿಯ ದಾಖಲೆಪುಸ್ತಕ ಬರೆಯಬೇಕು.

ಆದರೆ ಕಾನೂನಿನ ಕಣ್ಣಿಗೆ ಬಂದರು ಕಾಣುವಷ್ಟು ಚೆನ್ನಾಗಿ ಅಂಗಡಿ ಕಾಣುವುದಿಲ್ಲ. ರಫ್ತು ನಿಂತರೂ ದೇಶದೊಳಗಿನ ಬೇಡಿಕೆ ನಿಲ್ಲುವುದಿಲ್ಲ. ನಾನು ಒಮ್ಮೆ ಕುತೂಹಲದಿಂದ ಮೂರು ಅಂಗಡಿಗಳಲ್ಲಿ ದಾರುಹರಿದ್ರೆ ಕೇಳಿದೆ. ಮೂರು ಕಡೆಯೂ ಇಲ್ಲವೆನ್ನಲಿಲ್ಲ. ಒಬ್ಬರು ಕೊಟ್ಟದ್ದು ಬರ್ಬೆರಿಸ್ಸಿನ ಚಕ್ಕೆ; ಇನ್ನೊಬ್ಬರದು ನಮ್ಮ ಬಳ್ಳಿಯ ತುಂಡು; ಮೂರನೆಯವರ ಪೊಟ್ಟಣದಲ್ಲಿದ್ದ ಹಳದಿ ಪುಡಿ ಯಾವುದೆಂದು ಅವರಿಗೂ ಹೇಳಲಾಗಲಿಲ್ಲ. ಮೂರಕ್ಕೂ ಚೀಟಿ ಒಂದೇ. ನನ್ನ ಚಿಂತೆಯ ಮೂಲ ಇಲ್ಲಿದೆ. ಅಕ್ಕಿ ತೀರಿದರೆ ಡಬ್ಬ ಖಾಲಿಯಾಗುತ್ತದೆ, ಮನೆಯವರಿಗೆ ತಿಳಿಯುತ್ತದೆ. ದಾರುಹರಿದ್ರೆಯ ಡಬ್ಬ ಖಾಲಿಯಾಗುವುದೇ ಇಲ್ಲ. ಬಳ್ಳಿ ತೀರಿದರೆ ಪೊದೆ ಬರುತ್ತದೆ. ಆ ಹಿಮಾಲಯದ ಪೊದೆಯೂ ಈಗ ಅಲ್ಲಿನ ಕೆಲವು ರಾಜ್ಯಗಳಲ್ಲಿ ಅಪಾಯದ ಪಟ್ಟಿಗೆ ಸೇರಿದೆ. ಅದೂ ತೀರಿದರೆ ಇನ್ನಾವುದೋ ಹಳದಿ. ಒಂದು ಸಸ್ಯದ ಅಳಿವನ್ನು ಇನ್ನೊಂದರ ಸರಬರಾಜು ಮರೆಮಾಡುತ್ತದೆ. ಔಷಧ ಕೊಳ್ಳುವವರಿಗೆ ಮೋಸ ಎಂಬುದು ಒಂದು ಮಾತಾದರೆ, ಕಾಡಿಗಾದ ನಷ್ಟ ಯಾರ ಲೆಕ್ಕಕ್ಕೂ ಬರದೆ ಹೋಗುವುದು ಅದಕ್ಕಿಂತ ದೊಡ್ಡ ಮಾತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಉಳಿದಿರುವ ಹೆಣ್ಣು ಬಳ್ಳಿಗಳನ್ನು ಒಂದೊಂದಾಗಿ ಗುರುತಿಸಿ ಕಾಯುವುದು. ಅವು ಎಲ್ಲಿವೆ ಎಂದು ಬಲ್ಲವರು ಕಚೇರಿಯಲ್ಲಿಲ್ಲ. ನಾನು ಹೇಳಿದ ಆ ಹಿರಿಯರಂಥವರಲ್ಲಿದ್ದಾರೆ. ಕಡಿದರೆ ಸಿಗುವ ಕೂಲಿ ಕಾಯ್ದರೂ ಸಿಗುವಂತಾದರೆ ಅವರಿಗಿಂತ ಒಳ್ಳೆಯ ಕಾವಲುಗಾರರಿಲ್ಲ. ಎರಡನೆಯದು, ಬೀಜವನ್ನು ಆಯ್ದು ತಾಳ್ಮೆಯಿಂದ ಸಸಿ ಮಾಡಿ, ಅದರ ನೆಲೆಗೆ ಹತ್ತಿರವಾದ ಜಾಗಗಳಲ್ಲೇ ನೆಡುವುದು. ಸೊರಬ, ಸಿರ್ಸಿ ಕಡೆಯ ಕಾನುಗಳು, ಕೊಡಗಿನ ದೇವರಕಾಡುಗಳು ಅಂಥ ಜಾಗಗಳು. ದೇವರ ಹೆಸರಿನಲ್ಲಿ ಮರ ಉಳಿಸಿದ ಜನಕ್ಕೆ ಬಳ್ಳಿ ಉಳಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇಂಥದೊಂದು ಬಳ್ಳಿ ಕಷ್ಟದಲ್ಲಿದೆ ಎಂದು ತಿಳಿಸಿದರೆ ಸಾಕು. ಮೂರನೆಯದು, ಔಷಧದ ಸೀಸೆಯ ಮೇಲೆ ದಾರುಹರಿದ್ರೆ ಎಂಬ ಹೆಸರಿನ ಜೊತೆಗೆ ಅದು ಯಾವ ಸಸ್ಯ, ಎಲ್ಲಿ ಬೆಳೆದದ್ದು ಎಂಬುದನ್ನೂ ನಮಗೆ ಓದಲು ಬರುವ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕೇಳುವುದು.

ಮೊದಲೆರಡು ಕೆಲಸ ಸರ್ಕಾರದ್ದು, ಕಾಡಂಚಿನ ಊರುಗಳದ್ದು. ಮೂರನೆಯದು ಪೇಟೆಯಲ್ಲಿರುವ ನಮ್ಮ ನಿಮ್ಮಂಥವರದ್ದು. ಅದಕ್ಕೆ ಕಾಡು ಹತ್ತಬೇಕಾಗಿಲ್ಲ, ಹಣ ಬೇಕಾಗಿಲ್ಲ. ಮುಂದಿನ ಸಲ ಗ್ರಂಧಿಗೆ ಅಂಗಡಿಗೆ ಹೋದಾಗ ತಕ್ಕಡಿಯ ಮುಂದೆ ಒಂದು ಕ್ಷಣ ನಿಂತು, “ಸ್ವಾಮಿ, ಇದು ಯಾವ ದಾರುಹರಿದ್ರೆ? ಗುಡ್ಡದ ಪೊದೆಯದೋ, ನಮ್ಮ ಘಟ್ಟದ ಬಳ್ಳಿಯದೋ?” ಎಂದು ವಿಚಾರಿಸಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದೆ ಇರಬಹುದು. ಹತ್ತು ಜನ ಕೇಳಿದರೆ ಅವರು ತಮಗೆ ಸರಕು ತಂದುಕೊಡುವವರನ್ನು ಕೇಳುತ್ತಾರೆ. ಆ ಪ್ರಶ್ನೆ ಕೈಯಿಂದ ಕೈಗೆ ದಾಟಿ ಘಟ್ಟ ಹತ್ತಿ, ಕತ್ತಿ ಬೀಸುವುದಕ್ಕೆ ಮೊದಲೇ ಆ ಕಣಿವೆಯನ್ನು ತಲುಪಲಿ ಎಂಬುದು ನನ್ನ ಆಸೆ.